ನೀಲ್ ದ್ವೀಪದ ತೀರದಲ್ಲಿ ಆರಾಮಾಗಿ ಒಂದು ದಿನ: ಹಂತ ಹಂತವಾಗಿ

ಅಂಡಮಾನಿನ ನೀಲ್ ದ್ವೀಪಕ್ಕೆ ಹೋಗಿ ಬಂದವರ ದೂರುಗಳು ಹೆಚ್ಚುಕಡಿಮೆ ಒಂದೇ ಥರ ಇರುತ್ತವೆ. "ನೀರೇ ಇರಲಿಲ್ಲ, ಬರೀ ಕಲ್ಲು." "ಬೆನ್ನು ಸುಟ್ಟುಹೋಯ್ತು." "ಕೂರೋಷ್ಟರಲ್ಲಿ ಡ್ರೈವರ್ ಹಾರ್ನ್ ಹೊಡೆದ." "ಕಾಲು ತುಂಬಾ ಗುಳ್ಳೆ, ವಾರ ಪೂರ್ತಿ ತುರಿಕೆ." ಇದರಲ್ಲಿ ಬೀಚಿನ ತಪ್ಪೇನೂ ಇಲ್ಲ. ಹೋದ ಹೊತ್ತು ತಪ್ಪು, ಕೂತ ಜಾಗ ತಪ್ಪು, ಯಾವುದರ ನಂತರ ಯಾವುದು ಅನ್ನೋ ಕ್ರಮ ತಪ್ಪು.

ಆ ಕ್ರಮವನ್ನೇ ಇಲ್ಲಿ ಬರೆದಿದ್ದೇನೆ. ಒಂದೇ ದ್ವೀಪ, ಒಂದು ಇಡೀ ದಿನ, ಹೆಚ್ಚೆಂದರೆ ಎರಡು ತೀರ. ಮೂರು ಬೀಚ್, ಎರಡು ವ್ಯೂ ಪಾಯಿಂಟ್, ನಡುವೆ ಜೆಟ್ ಸ್ಕೀ ಬೇಕು ಅನ್ನುವವರಿಗೆ ಪ್ಯಾಕೇಜ್ ಟೂರೇ ಸರಿ.

ಮೊದಲೇ ಒಂದು ಮಾತು. ನೀಲ್‌ಗೆ 2018ರಿಂದ ಶಹೀದ್ ದ್ವೀಪ ಅಂತ ಸರ್ಕಾರಿ ಹೆಸರಿದೆ. ಪೋರ್ಟ್ ಬ್ಲೇರ್ 2024ರಿಂದ ಶ್ರೀ ವಿಜಯಪುರಂ. ಹಡಗಿನ ಟಿಕೆಟ್ ಹುಡುಕುವಾಗ ಒಂದು ಹೆಸರಲ್ಲಿ ಸಿಗದಿದ್ದರೆ ಇನ್ನೊಂದನ್ನು ಹಾಕಿ ನೋಡಿ. ಊರಿನವರು, ಆಟೋದವರು ಎಲ್ಲರೂ ಈಗಲೂ ನೀಲ್ ಅಂತಲೇ ಅನ್ನುತ್ತಾರೆ.

## ಹಂತ 1: ಹಿಂದಿನ ರಾತ್ರಿ ದ್ವೀಪದಲ್ಲೇ ಇರಿ

ಅತಿ ದೊಡ್ಡ ತಪ್ಪು ಆಗೋದು ಇಲ್ಲೇ. ಪೋರ್ಟ್ ಬ್ಲೇರಿನಿಂದ ಬೆಳಗಿನ ಹಡಗು ಹತ್ತಿ, ಸಂಜೆ ವಾಪಸ್ ಬರೋ ಲೆಕ್ಕ ಹಾಕುತ್ತಾರೆ. ಖಾಸಗಿ ಹಡಗಿಗೆ ಒಂದು, ಒಂದೂವರೆ ಗಂಟೆ ಬೇಕು. ಸರ್ಕಾರಿ ಹಡಗಿಗೆ ಇನ್ನೂ ಜಾಸ್ತಿ. ಇಳಿದು, ಗಾಡಿ ಹಿಡಿದು, ಬೀಚ್ ಮುಟ್ಟೋ ಹೊತ್ತಿಗೆ ಬಿಸಿಲು ನೆತ್ತಿಗೆ ಬಂದಿರುತ್ತದೆ. ಒಂದೇ ಹಡಗಿನಲ್ಲಿ ಬಂದ ಜನವೆಲ್ಲ ಒಟ್ಟಿಗೇ ಅದೇ ಬೀಚಿಗೆ ಬಂದಿರುತ್ತಾರೆ. ಇನ್ನು ಏಕಾಂತ ಎಲ್ಲಿಂದ ಬರಬೇಕು?

ಹಿಂದಿನ ದಿನ ಮಧ್ಯಾಹ್ನವೋ ಸಂಜೆಯೋ ಬಂದು ಉಳಿಯಿರಿ. ಮರುದಿನ ಪೂರ್ತಿ ನಿಮ್ಮದು. ಅದರ ಮರುದಿನ ಹೊರಡಿ. ಅಂದರೆ ಎರಡು ರಾತ್ರಿ.

ಟಿಕೆಟ್ ಮಾಡುವಾಗ ಹಡಗು ಯಾವ ಜೆಟ್ಟಿಯಿಂದ ಹೊರಡುತ್ತದೆ ಅಂತ ನೋಡಿಕೊಳ್ಳಿ. ಫೀನಿಕ್ಸ್ ಬೇ ಬೇರೆ, ಹ್ಯಾಡೋ ಬೇರೆ. ತಪ್ಪು ಜೆಟ್ಟಿಗೆ ಹೋಗಿ ಹಡಗು ತಪ್ಪಿಸಿಕೊಳ್ಳುವವರು ಇದ್ದೇ ಇರುತ್ತಾರೆ. ಆಧಾರ್ ಅಥವಾ ಬೇರೆ ಫೋಟೋ ಗುರುತಿನ ಚೀಟಿ ಕೈಯಲ್ಲಿರಲಿ.

ಬೆಂಗಳೂರಿಗೆ ವಾಪಸ್ ಹಾರೋ ದಿನವೇ ಬೆಳಗ್ಗೆ ನೀಲ್‌ನಿಂದ ಹೊರಡೋ ಸಾಹಸ ಬೇಡ. ಗಾಳಿ ಎದ್ದರೆ ಹಡಗು ನಿಲ್ಲಿಸುತ್ತಾರೆ, ವಿಮಾನ ನಿಮಗೋಸ್ಕರ ಕಾಯಲ್ಲ. ಕೊನೇ ರಾತ್ರಿ ಪೋರ್ಟ್ ಬ್ಲೇರಿನಲ್ಲಿ ಕಳೆಯಿರಿ.

ತಿಂಗಳು? ಡಿಸೆಂಬರಿನಿಂದ ಏಪ್ರಿಲ್ ಒಳ್ಳೆಯದು. ಮೇ ತಿಂಗಳಲ್ಲಿ ಮುಂಗಾರು ನಮಗಿಂತ ಮೊದಲು ಅಲ್ಲಿಗೇ ಬರುತ್ತದೆ. ಬೇಸಿಗೆ ರಜೆ ಅಂತ ಮೇ ಕೊನೆಗೆ ಟಿಕೆಟ್ ಮಾಡುವವರು ಇದನ್ನು ಮರೆಯುತ್ತಾರೆ.

## ಹಂತ 2: ಉಬ್ಬರ-ಇಳಿತದ ಪಟ್ಟಿ ಬರೆದಿಟ್ಟುಕೊಳ್ಳಿ

ನನ್ನ ಪ್ರಕಾರ ಇಡೀ ದಿನ ನಿಂತಿರೋದು ಇದರ ಮೇಲೆ. ಇದನ್ನು ನೋಡದೆ ಹೋದರೆ ಉಳಿದ ಹಂತಗಳಿಂದ ದೊಡ್ಡ ಪ್ರಯೋಜನ ಇಲ್ಲ.

ಅಲ್ಲಿ ದಿನಕ್ಕೆ ಎರಡು ಸಲ ನೀರು ಏರುತ್ತದೆ, ಎರಡು ಸಲ ಇಳಿಯುತ್ತದೆ. ಒಂದು ಉಬ್ಬರದಿಂದ ಇಳಿತಕ್ಕೆ ಆರು ಗಂಟೆ ಚಿಲ್ಲರೆ. ಮರುದಿನ ಇದೆಲ್ಲ ಸುಮಾರು 50 ನಿಮಿಷ ತಡವಾಗಿ ನಡೆಯುತ್ತದೆ. ಅಮಾವಾಸ್ಯೆ, ಹುಣ್ಣಿಮೆಯ ಆಸುಪಾಸು ಏರಿಳಿತ ಜೋರು. ಆಗ ನೀರಿನ ಮಟ್ಟ ಸುಮಾರು 2 ಮೀಟರ್ ಮೇಲೆ ಕೆಳಗೆ ಆಗುತ್ತದೆ. ಅಷ್ಟಮಿಯ ಹೊತ್ತಿಗೆ ತೀರಾ ಕಡಿಮೆ.

ನೀಲ್ ಸುತ್ತ ತೀರಕ್ಕೆ ಹತ್ತಿಕೊಂಡಂತೆ ಹವಳದ ಬಂಡೆ ಚಾಚಿದೆ. ನೀರು ತುಂಬಿದಾಗ ಈಜೋಕೆ ಚೆಂದ. ಇಳಿದಾಗ ಅದೇ ಜಾಗದಲ್ಲಿ ಮೊಣಕಾಲುದ್ದ ನೀರು, ಚೂಪು ಕಲ್ಲು. "ನೀರೇ ಇರಲಿಲ್ಲ" ಅನ್ನುವವರು ಇಳಿತಕ್ಕೆ ಹೋದವರು. ಅಷ್ಟೇ ವ್ಯತ್ಯಾಸ.

ಮಾಡಬೇಕಾದ್ದು ಇಷ್ಟು. ಸಮುದ್ರದ ಮಾಹಿತಿ ಕೊಡೋ ಹೈದರಾಬಾದಿನ ಸರ್ಕಾರಿ ಸಂಸ್ಥೆ ಇನ್ಕಾಯಿಸ್ (INCOIS) ವೆಬ್‌ಸೈಟಿನಲ್ಲೋ ಯಾವುದಾದರೂ ಟೈಡ್ ಆ್ಯಪಿನಲ್ಲೋ ಪೋರ್ಟ್ ಬ್ಲೇರ್ ಅಂತ ಹಾಕಿ, ನಿಮ್ಮ ದಿನದ ನಾಲ್ಕು ಸಮಯಗಳನ್ನು ಕಾಗದದ ಮೇಲೆ ಬರೆದುಕೊಳ್ಳಿ. ಕಾಗದದ ಮೇಲೇ. ದ್ವೀಪದಲ್ಲಿ ನೆಟ್‌ವರ್ಕ್ ನಂಬಿ ಕೂರಬೇಡಿ. ಅದೇ ಸಂಸ್ಥೆ ದೊಡ್ಡ ಅಲೆಗಳ ಎಚ್ಚರಿಕೆಯನ್ನೂ ಕೊಡುತ್ತದೆ, ಒಂದು ಸಲ ಕಣ್ಣಾಡಿಸಿ.

ಈಗ ದಿನವನ್ನು ಎರಡರಲ್ಲಿ ಒಂದು ಥರ ಜೋಡಿಸಿ.

ಬೆಳಗ್ಗೆ ಉಬ್ಬರ ಇದ್ದರೆ: ಮೊದಲು ಈಜು. ಮಧ್ಯಾಹ್ನ ನೆರಳು, ನಿದ್ದೆ. ಬಿಸಿಲು ತಗ್ಗಿದ ಮೇಲೂ ಇಳಿತ ಇದ್ದರೆ ಬಂಡೆಗಳ ಕಡೆ ಸುತ್ತಾಟ.

ಬೆಳಗ್ಗೆ ಇಳಿತ ಇದ್ದರೆ: ಮೊದಲು ಬಂಡೆ, ಕಲ್ಲುಗುಂಡಿಗಳನ್ನು ನೋಡಿ. ಈಜು ಮಧ್ಯಾಹ್ನ ಎರಡೂವರೆಯ ನಂತರ.

## ಹಂತ 3: ತೀರ ಆರಿಸೋದು

ನೆರಳಿನ ಲೆಕ್ಕ ಸರಳ. ಮರಗಳು ಮರಳಿನ ಹಿಂದೆ ಇರುತ್ತವೆ. ಹಾಗಾಗಿ ಪಶ್ಚಿಮಕ್ಕೆ ಮುಖ ಮಾಡಿದ ತೀರದಲ್ಲಿ ಬೆಳಗ್ಗೆ ನೆರಳು, ಪೂರ್ವಕ್ಕೆ ಮುಖ ಮಾಡಿದ್ದರಲ್ಲಿ ಮಧ್ಯಾಹ್ನದ ನಂತರ ನೆರಳು. ಜನ ಇದಕ್ಕೆ ಸರಿಯಾಗಿ ಉಲ್ಟಾ ಹೋಗುತ್ತಾರೆ. ಸೂರ್ಯೋದಯಕ್ಕೆ ಪೂರ್ವ, ಸೂರ್ಯಾಸ್ತಕ್ಕೆ ಪಶ್ಚಿಮ ಅಂತ ಟೂರಿನವರು ಹೇಳಿಕೊಟ್ಟಿರುತ್ತಾರೆ. ಆ ಅರ್ಧ ಗಂಟೆಗೆ ಅದು ಸರಿ. ಇಡೀ ಬೆಳಗು ಕೂರೋಕೆ ಅಲ್ಲ.

ಲಕ್ಷ್ಮಣಪುರ ಪಶ್ಚಿಮದ ತೀರ. ಬಿಳಿ ಮರಳು ಉದ್ದಕ್ಕೆ ಹೋಗುತ್ತದೆ. ಗಾಡಿ ನಿಲ್ಲೋ ಜಾಗದಿಂದ ಕಾಲು ಗಂಟೆ ನಡೆದರೆ ಸಾಕು, ಜನ ಕಾಣಿಸಲ್ಲ. ಬೆಳಗಿನ ಹೊತ್ತಿಗೆ ನನ್ನ ಆಯ್ಕೆ ಇದೇ.

ಲಕ್ಷ್ಮಣಪುರ 2 ಬೇರೆ ಜಾಗ. ಆಟೋದವರಿಗೆ ಬಿಡಿಸಿ ಹೇಳಿ. ಕಮಾನಿನ ಥರ ನಿಂತ ಬಂಡೆ ಇರೋದು ಇಲ್ಲಿ. ನೀರು ಇಳಿದಾಗ ಮಾತ್ರ ಆರಾಮಾಗಿ ನಡೆದು ಹೋಗಬಹುದು.

ಸೀತಾಪುರ ಪೂರ್ವದ ತುದಿ, ಜೆಟ್ಟಿಯಿಂದ ಸುಮಾರು 5 ಕಿಲೋಮೀಟರ್. ಗಾಳಿ, ಅಲೆ ಜಾಸ್ತಿ. ಮಧ್ಯಾಹ್ನದ ಮೇಲೆ ಕೂರೋಕೆ, ಓದೋಕೆ ಒಳ್ಳೆಯದು. ಈಜು ಬಾರದವರು ಇಲ್ಲಿ ನೀರಿಗೆ ಇಳಿಯದಿರೋದೇ ವಾಸಿ.

ಭರತ್‌ಪುರ ಜೆಟ್ಟಿಯ ಪಕ್ಕದಲ್ಲೇ. ನೀರು ಆಳ ಇಲ್ಲ, ಮಕ್ಕಳಿದ್ದರೆ ಅನುಕೂಲ. ಆದರೆ ಗಾಜಿನ ತಳದ ದೋಣಿ, ಸ್ಪೀಡ್ ಬೋಟ್, ಅಂಗಡಿ, ಗದ್ದಲ. ಏಕಾಂತ ಹುಡುಕಿ ಬಂದವರಿಗೆ ಅಲ್ಲ.

## ಹಂತ 4: ಚೀಲಕ್ಕೆ ಏನು ಹಾಕಬೇಕು

ಏಕಾಂತದ ತೀರ ಅಂದರೆ ಪಕ್ಕದಲ್ಲಿ ಅಂಗಡಿ ಇಲ್ಲ ಅಂತ ಅರ್ಥ. ಹಿಂದಿನ ರಾತ್ರಿಯೇ ತುಂಬಿಡಿ.

- ಒಬ್ಬರಿಗೆ ಕನಿಷ್ಠ 3 ಲೀಟರ್ ನೀರು, ಸ್ಟೀಲ್ ಬಾಟಲಿಯಲ್ಲಿ. ಒಂದೆರಡು ಓಆರ್‌ಎಸ್ ಪುಡಿ.
- ಹಳೇ ಪಂಚೆ ಎರಡು. ಒಂದು ಹಾಸೋಕೆ, ಒಂದು ಕಟ್ಟಿ ನೆರಳು ಮಾಡೋಕೆ. ಟವೆಲ್ ಮರಳು ಹಿಡಿದು ಭಾರವಾಗುತ್ತದೆ, ಪಂಚೆಯನ್ನು ಒಂದು ಸಲ ಕೊಡವಿದರೆ ಸಾಕು.
- ತುಂಬು ತೋಳಿನ ಈಜುಡುಗೆ ಅಥವಾ ಹಳೇ ಟೀ ಶರ್ಟ್.
- ಹಿಂದೆ ಪಟ್ಟಿ ಇರೋ ರಬ್ಬರ್ ಚಪ್ಪಲಿ. ಹವಾಯಿ ಚಪ್ಪಲಿ ನೀರಲ್ಲಿ ಕಾಲಿನಿಂದ ಕಳಚಿ ತೇಲಿ ಹೋಗುತ್ತದೆ.
- ಕೊಬ್ಬರಿ ಎಣ್ಣೆ, ಚಿಕ್ಕ ಬಾಟಲಿ. ಯಾಕೆ ಅಂತ ಮುಂದೆ ಹೇಳುತ್ತೇನೆ.
- ಸನ್‌ಸ್ಕ್ರೀನ್. ಜಿಂಕ್ ಆಕ್ಸೈಡ್ ಇರೋದು ತಗೊಳ್ಳಿ. ಆಕ್ಸಿಬೆಂಝೋನ್ ಇರೋದು ಹವಳಕ್ಕೆ ಒಳ್ಳೆಯದಲ್ಲ.
- ಟಾರ್ಚ್, ನಗದು ಹಣ, ಕಸಕ್ಕೆ ಒಂದು ಬಟ್ಟೆ ಚೀಲ.
- ಫೋನಿಗೆ ಡ್ರೈ ಬ್ಯಾಗ್.

ಬ್ಲೂಟೂತ್ ಸ್ಪೀಕರ್ ಬೇಡ. ಇದಕ್ಕೆ ಕಾರಣ ಹೇಳಬೇಕಾಗಿಲ್ಲ ಅಲ್ವಾ?

## ಹಂತ 5: ಐದು ಗಂಟೆಗೆ ಹೊರಡಿ, ನಿಮ್ಮ ಗಡಿಯಾರವನ್ನು ನಂಬಬೇಡಿ

ಅಂಡಮಾನ್ ನಮಗಿಂತ ತುಂಬಾ ಪೂರ್ವಕ್ಕಿದೆ. ಆದರೆ ಗಡಿಯಾರ ನಮ್ಮದೇ. ಹಾಗಾಗಿ ಅಲ್ಲಿ ಸೂರ್ಯ ನೆತ್ತಿಗೆ ಬರೋದು 11 ರಿಂದ 11.30ರ ಒಳಗೆ, ಬೆಂಗಳೂರಿಗಿಂತ ಸುಮಾರು ಒಂದು ಗಂಟೆ ಮೊದಲು. ಡಿಸೆಂಬರಿನಲ್ಲಿ ಐದೂವರೆಗೆ ಬೆಳಕು ಹರಿದಿರುತ್ತದೆ. ಸಂಜೆ ಐದಕ್ಕೆಲ್ಲ ಸೂರ್ಯ ಮುಳುಗುತ್ತಾನೆ.

"ಇನ್ನೂ ಒಂಬತ್ತು ಗಂಟೆ, ಎಳೇ ಬಿಸಿಲು" ಅಂದುಕೊಳ್ಳುವವರು ಸುಟ್ಟುಕೊಳ್ಳೋದು ಇದರಿಂದಲೇ. ಅಲ್ಲಿನ ಒಂಬತ್ತು ನಮ್ಮ ಹತ್ತಕ್ಕೆ ಸಮ. ಆರಾಮದ ಹೊತ್ತು ಬೆಳಗ್ಗೆ 5.30ರಿಂದ 9, ಆಮೇಲೆ 2.30ರಿಂದ 5. ನಡುವಿನದ್ದನ್ನು ಬೀಚಿನ ಲೆಕ್ಕದಿಂದ ತೆಗೆದುಹಾಕಿ.

ಬಾಡಿಗೆ ಸೈಕಲ್ ಅಥವಾ ಸ್ಕೂಟರ್ ಹಿಂದಿನ ಸಂಜೆಯೇ ತಂದಿಟ್ಟುಕೊಳ್ಳಿ. ಬೆಳಗ್ಗೆ ಐದಕ್ಕೆ ಅಂಗಡಿ ತೆರೆದಿರಲ್ಲ. ದ್ವೀಪ ಚಿಕ್ಕದು, ರಸ್ತೆ ಹೆಚ್ಚಾಗಿ ಸಮತಟ್ಟು, ಸೈಕಲ್ ಸಾಕು. ದಾರಿಯುದ್ದಕ್ಕೂ ತರಕಾರಿ ತೋಟ, ಬಾಳೆ, ಅಡಿಕೆ. ಊರು ಕಟ್ಟಿದವರು ಬಂಗಾಳದಿಂದ ಬಂದ ಕುಟುಂಬಗಳು. ಹಿಂದಿ ಗೊತ್ತಿದ್ದರೆ ಎಲ್ಲೂ ತೊಂದರೆ ಇಲ್ಲ.

ಉಳಿದುಕೊಂಡ ಮನೆಯವರಿಗೆ ಯಾವ ತೀರಕ್ಕೆ ಹೋಗುತ್ತಿದ್ದೀರಿ, ಎಷ್ಟು ಹೊತ್ತಿಗೆ ವಾಪಸ್ ಅಂತ ಹೇಳಿ ಹೋಗಿ. ಜನ ಇಲ್ಲದ ತೀರದಲ್ಲಿ ನಿಮ್ಮನ್ನು ಹುಡುಕೋಕೆ ಯಾರಿಗಾದರೂ ಗೊತ್ತಿರಬೇಕು.

## ಹಂತ 6: ಕೂರೋ ಜಾಗ

ಮರಳಿನ ಮೇಲೆ ಒಂದು ಗೆರೆ ಕಾಣುತ್ತದೆ. ಒಣಗಿದ ಪಾಚಿ, ಕಡ್ಡಿ, ತೆಂಗಿನ ಸಿಪ್ಪೆ, ಯಾರದೋ ಒಂಟಿ ಚಪ್ಪಲಿ ಎಲ್ಲ ಸಾಲಾಗಿ ಬಿದ್ದಿರುತ್ತವೆ. ಹಿಂದಿನ ಉಬ್ಬರ ತಲುಪಿದ್ದು ಅಲ್ಲಿಯವರೆಗೆ. ನಿಮ್ಮ ಪಂಚೆ, ಚೀಲ ಆ ಗೆರೆಯ ಮೇಲ್ಗಡೆ ಇರಬೇಕು. ಕೆಳಗಡೆ ಇಟ್ಟು ಈಜೋಕೆ ಹೋದವರ ಚೀಲ ಅವರಿಗಿಂತ ಮೊದಲು ಈಜುತ್ತದೆ.

ಆದರೆ ಗೆರೆಗೆ ತೀರಾ ಹತ್ತಿರವೂ ಬೇಡ. ಕೊಳೆಯೋ ಪಾಚಿ, ಒದ್ದೆ ಮರಳು ಇರೋ ಕಡೆ ಸ್ಯಾಂಡ್‌ಫ್ಲೈ ಜಾಸ್ತಿ. ಕಣ್ಣಿಗೆ ಸರಿಯಾಗಿ ಕಾಣದಷ್ಟು ಚಿಕ್ಕ ನೊಣ. ಕಚ್ಚಿದಾಗ ಗೊತ್ತೇ ಆಗಲ್ಲ. ಮರುದಿನ ಕಣಕಾಲಿನ ಸುತ್ತ ಕೆಂಪು ಗುಳ್ಳೆ ಎದ್ದು, ತುರಿಕೆ ದಿನಗಟ್ಟಲೆ ಬಿಡಲ್ಲ. ಬೆಳಗಿನ ಜಾವ, ಸಂಜೆ ಇವುಗಳ ಕಾಟ ಹೆಚ್ಚು. ಗಾಳಿ ಬೀಸುತ್ತಿದ್ದರೆ ಕಡಿಮೆ.

ಉಪಾಯ: ಕಾಲು, ಕೈ, ಸೊಂಟಕ್ಕೆ ಕೊಬ್ಬರಿ ಎಣ್ಣೆ ದಪ್ಪಗೆ ಹಚ್ಚಿ. ಎಣ್ಣೆ ಪದರಕ್ಕೆ ಅವು ಅಂಟಿಕೊಳ್ಳುತ್ತವೆ, ಚರ್ಮಕ್ಕೆ ತಲುಪಲ್ಲ. ಬರೀ ಮರಳಿನ ಮೇಲೆ ಮಲಗಬೇಡಿ. ಬಿಸಿಲೇರಿದ ಮೇಲೆ ಎಣ್ಣೆ ಒರೆಸಿ ಸನ್‌ಸ್ಕ್ರೀನ್ ಹಚ್ಚಿ. ಎರಡನ್ನೂ ಒಟ್ಟಿಗೆ ಹಚ್ಚಿದರೆ ಎರಡೂ ಕೆಲಸ ಮಾಡಲ್ಲ.

ನೆರಳಿಗೆ ಮರ ಆರಿಸುವಾಗ ಒಂದು ಸಲ ಮೇಲೆ ನೋಡಿ. ತೆಂಗಿನ ಮರದ ಕೆಳಗೆ ಕೂರಬಾರದು ಅಂತ ನಮ್ಮವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ, ಆದರೂ ಫೋಟೋಗೆ ಚೆಂದ ಅಂತ ಅಲ್ಲೇ ಕೂರುತ್ತಾರೆ. ಕೇದಗೆ ಪೊದೆಯ ನೆರಳು ದಟ್ಟ, ಆದರೆ ಎಲೆ ಅಂಚಿನ ಮುಳ್ಳು ಪಂಚೆ ಹರಿಯುತ್ತದೆ. ಅದರ ಬುಡದಲ್ಲಿ ಶಂಖ ಹೊತ್ತ ಏಡಿಗಳು ಗುಂಪಾಗಿ ಅಡಗಿರುತ್ತವೆ. ಸದ್ದು ಮಾಡದೆ ಕೂತರೆ ಒಂದೊಂದೇ ಕಾಲು ಹೊರಗೆ ಹಾಕಿ, ನಿಮ್ಮ ತಿಂಡಿ ಪೊಟ್ಟಣದ ಕಡೆಗೇ ನಡೆದು ಬರುತ್ತವೆ.

## ಹಂತ 7: ನೀರಿಗೆ ಇಳಿಯೋ ಕ್ರಮ

1. ನೀರಿನ ಅಂಚಿನಲ್ಲಿ ಒಂದು ಕಡ್ಡಿ ಚುಚ್ಚಿ, ಹತ್ತು ನಿಮಿಷ ಕೂತು ನೋಡಿ. ಕಡ್ಡಿ ನೀರೊಳಗೆ ಹೋಗುತ್ತಿದೆಯೋ, ಒಣಗುತ್ತಿದೆಯೋ? ಪಟ್ಟಿಯಲ್ಲಿ ಬರೆದದ್ದಕ್ಕೆ ತಾಳೆಯಾಗಬೇಕು.

2. ನೀರು ಏರುತ್ತಿರುವಾಗ ಇಳಿಯಿರಿ. ಪೂರ್ತಿ ಉಬ್ಬರಕ್ಕೆ ಎರಡು ಗಂಟೆ ಮೊದಲಿನಿಂದ, ಉಬ್ಬರದ ನಂತರ ಅರ್ಧ ಗಂಟೆಯವರೆಗೆ ಒಳ್ಳೆಯ ಹೊತ್ತು. ಇಳಿಯೋ ನೀರು ಹವಳದ ಬಂಡೆಯ ಸಂದುಗಳಲ್ಲಿ ಹೊರಗೆ ಎಳೆಯುತ್ತದೆ. ಏರಿಳಿತದ ನಡುವಿನ ಎರಡು ಗಂಟೆಗಳಲ್ಲಿ ಸೆಳೆತ ಅತಿ ಜೋರು.

3. ಚಪ್ಪಲಿ ಹಾಕಿಕೊಂಡೇ ನಡೆಯಿರಿ. ಕಾಲೆತ್ತಿ ಇಡಬೇಡಿ, ಮರಳಿನ ಮೇಲೆ ಎಳೆದುಕೊಂಡು ಹೋಗಿ. ಮರಳಲ್ಲಿ ಹುದುಗಿರೋ ತೊರಕೆ ಮೀನು (ಸ್ಟಿಂಗ್‌ರೇ, ಬಾಲದಲ್ಲಿ ವಿಷದ ಮುಳ್ಳು) ಸದ್ದಿಗೆ ಜಾಗ ಬಿಡುತ್ತದೆ. ಹವಳದ ಮೇಲೆ ಕಾಲಿಡಲೇಬೇಡಿ. ಹವಳವೂ ಸಾಯುತ್ತದೆ, ಕಾಲೂ ಕೊಯ್ಯುತ್ತದೆ. ಆ ಗಾಯ ಬೇಗ ವಾಸಿಯಾಗಲ್ಲ.

4. ಒಬ್ಬರೇ ಇಳಿಯಬೇಡಿ. ಒಬ್ಬರು ನೀರಲ್ಲಿದ್ದರೆ ಇನ್ನೊಬ್ಬರು ದಡದಲ್ಲಿ. ಎದೆ ಮಟ್ಟ ದಾಟಬೇಡಿ. ಈಜು ಬರುತ್ತದೆ ಅಂದರೂ ಕೆರೆ, ಸ್ವಿಮ್ಮಿಂಗ್ ಪೂಲ್ ಈಜು ಬೇರೆ. ಸ್ನಾರ್ಕೆಲಿಂಗ್ ಮಾಡೋದಾದರೆ ಲೈಫ್ ಜಾಕೆಟ್ ಹಾಕಿಕೊಂಡೇ ಮಾಡಿ.

5. ಹೊರಗೆ ಎಳೆದುಕೊಂಡು ಹೋಗುತ್ತಿದೆ ಅನಿಸಿದರೆ ದಡದ ಕಡೆ ನೇರ ಈಜಿ ಸುಸ್ತಾಗಬೇಡಿ. ತೇಲುತ್ತಾ, ದಡಕ್ಕೆ ಸಮಾನಾಂತರವಾಗಿ ಪಕ್ಕಕ್ಕೆ ಸರಿಯಿರಿ. ಸೆಳೆತ ಬಿಟ್ಟ ಮೇಲೆ ದಡಕ್ಕೆ ತಿರುಗಿ.

ಒಂದು ಬಿಯರ್ ಕುಡಿದು ಇಳಿಯೋಣ ಅನ್ನುವವರಿಗೆ ಹೇಳೋದು ಏನೂ ಇಲ್ಲ. ಇಳಿಯಬೇಡಿ.

ಸ್ನಾರ್ಕೆಲಿಂಗಿನಲ್ಲಿ ಮುಖ ನೀರಲ್ಲಿ, ಬೆನ್ನು ಬಿಸಿಲಲ್ಲಿ. ತಂಪಾಗಿರೋದರಿಂದ ಸುಡೋದು ಗೊತ್ತಾಗಲ್ಲ. ಟೀ ಶರ್ಟ್ ಹಾಕಿಕೊಳ್ಳಿ ಅಂದದ್ದು ಅದಕ್ಕೇ. ಮೊಣಕಾಲ ಹಿಂಭಾಗಕ್ಕೂ ಸನ್‌ಸ್ಕ್ರೀನ್ ಬೇಕು. ಎಲ್ಲರೂ ಮರೆಯೋ ಜಾಗ ಅದು.

## ಹಂತ 8: ಒಂಬತ್ತೂವರೆಗೆ ಎದ್ದು ಬನ್ನಿ

ಇದು ಯಾರಿಗೂ ಇಷ್ಟವಾಗಲ್ಲ. ಇಷ್ಟು ದೂರ ಬಂದು ರೂಮಿಗೆ ಯಾಕೆ ಹೋಗಬೇಕು ಅನ್ನುತ್ತಾರೆ. ಆದರೆ ದಿನ ಕೆಡೋದು ಈ ನಾಲ್ಕೈದು ಗಂಟೆಯಲ್ಲೇ.

ಸಿಹಿನೀರಲ್ಲಿ ಮೈ ತೊಳೆದು, ನೀಲ್ ಕೇಂದ್ರದ ಮಾರ್ಕೆಟ್ಟಿಗೆ ಹೋಗಿ. ಅನ್ನ, ಬೇಳೆ, ಪಲ್ಯ, ಮೀನು ಸಾರಿನ ಊಟ ಸಿಗುತ್ತದೆ. ತರಕಾರಿ ಅಲ್ಲೇ ಬೆಳೆದದ್ದು, ಸಸ್ಯಾಹಾರಿಗಳು ಹೆದರಬೇಕಾಗಿಲ್ಲ. ಮೀನು ಸಾಸಿವೆ ಎಣ್ಣೆಯಲ್ಲಿ ಮಾಡಿದ್ದಾ ಅಂತ ಕೇಳಿಕೊಳ್ಳಿ, ನಮ್ಮಲ್ಲಿ ಹಲವರಿಗೆ ಆ ವಾಸನೆ ಹಿಡಿಸಲ್ಲ. ದುಡ್ಡು ನಗದಿನಲ್ಲಿ ಕೊಡಿ. ಯುಪಿಐ ಸುತ್ತುತ್ತಾ ನಿಂತರೆ ಇಬ್ಬರಿಗೂ ಕಿರಿಕಿರಿ.

ಊಟ ಆದ ಮೇಲೆ ಮಲಗಿ. ಅಲಾರಂ ಎರಡು ಗಂಟೆಗೆ.

## ಹಂತ 9: ಎರಡನೇ ಪಾಳಿ

ಮಧ್ಯಾಹ್ನ ಉಬ್ಬರ ಇದ್ದರೆ ಲಕ್ಷ್ಮಣಪುರಕ್ಕೇ ವಾಪಸ್ ಹೋಗಿ ಈಜಿ, ಸೂರ್ಯಾಸ್ತ ಅಲ್ಲೇ ನೋಡಿ. ಸುಮ್ನೆ ಕೂರೋದಷ್ಟೇ ಬೇಕಾದರೆ ಸೀತಾಪುರ, ನೆರಳು ಆಗ ಅಲ್ಲಿಗೆ ಬಂದಿರುತ್ತದೆ. ಇಳಿತ ಇದ್ದರೆ ಲಕ್ಷ್ಮಣಪುರ 2ರ ಬಂಡೆ ಕಮಾನು. ಕಲ್ಲುಗುಂಡಿಗಳಲ್ಲಿ ನಿಂತ ನೀರಿನೊಳಗೆ ಚಿಕ್ಕ ಮೀನು, ಸಮುದ್ರ ಸೌತೆ, ಕಪ್ಪು ಮುಳ್ಳಿನ ಸೀ ಅರ್ಚಿನ್ ಕಾಣುತ್ತವೆ. ನೋಡಿ, ಮುಟ್ಟಬೇಡಿ, ಎತ್ತಿ ಫೋಟೋ ತೆಗೆಯಬೇಡಿ.

ಇಲ್ಲಿ ಒಂದು ನಿಯಮ ಕಡ್ಡಾಯ. ನೀರು ಪೂರ್ತಿ ಇಳಿಯೋ ಸಮಯಕ್ಕೆ ಒಂದು ಗಂಟೆ ಮೊದಲು ಹೋಗಿ, ಇಳಿತದ ಸಮಯ ಆದ ಕೂಡಲೇ ವಾಪಸ್ ತಿರುಗಿ. ಸೀತಾಪುರದ ಬಂಡೆಗುಹೆಗಳ ಕಡೆ ಹೋಗುವವರಿಗೂ ಇದೇ ಮಾತು. ಹೋದ ದಾರಿ ಬರುವಾಗ ನೀರಲ್ಲಿ ಮುಳುಗಿದ್ದರೆ ಹಿಂದೆ ಬಂಡೆಗೋಡೆ, ಮುಂದೆ ಅಲೆ.

ಸೂರ್ಯ ಮುಳುಗಿದ ಮೇಲೆ ಕತ್ತಲೆ ಬೇಗ ಕವಿಯುತ್ತದೆ. ತೀರದಿಂದ ರಸ್ತೆಗೆ ಬರೋ ಕಾಲುದಾರಿಯಲ್ಲಿ ದೀಪ ಇರಲ್ಲ. ಟಾರ್ಚ್ ಹೊರಗೆ ತೆಗೆದಿಟ್ಟುಕೊಂಡೇ ಸೂರ್ಯಾಸ್ತ ನೋಡಿ.

## ತಕ್ಷಣ ಜಾಗ ಬಿಡಬೇಕಾದ ಲಕ್ಷಣಗಳು

ಮೊಸಳೆ ಬೋರ್ಡ್. ಅಂಡಮಾನಿನಲ್ಲಿ ಉಪ್ಪುನೀರಿನ ಮೊಸಳೆಗಳಿವೆ. 2010ರಲ್ಲಿ ಪಕ್ಕದ ಹ್ಯಾವ್ಲಾಕ್ ದ್ವೀಪದ ರಾಧಾನಗರ ಬೀಚಿನ ಬಳಿ ಒಬ್ಬ ಪ್ರವಾಸಿ ಮೊಸಳೆ ದಾಳಿಯಲ್ಲಿ ಸತ್ತಿದ್ದಾರೆ. ತೋಡು ಸಮುದ್ರ ಸೇರೋ ಜಾಗ, ಕಾಂಡ್ಲಾ (ಮ್ಯಾಂಗ್ರೋವ್) ಕಾಡಿನ ಅಂಚು, ಕಲಕಿದ ನೀರು ಇರೋ ಕಡೆ ಇಳಿಯಬೇಡಿ. ಮುಸ್ಸಂಜೆಯಲ್ಲಿ ಎಲ್ಲೂ ಇಳಿಯಬೇಡಿ. ಬೋರ್ಡ್ ಹಳೇದು ಅಂತ ತಮಾಷೆ ಮಾಡಬೇಡಿ.

ನೆಲ ನಡುಗಿದರೆ, ಅಥವಾ ಹೊತ್ತಲ್ಲದ ಹೊತ್ತಲ್ಲಿ ಸಮುದ್ರ ಹಿಂದೆ ಸರಿದರೆ. 2004ರ ಡಿಸೆಂಬರ್ 26ರ ಸುನಾಮಿ ಈ ದ್ವೀಪಗಳಿಗೆ ಏನು ಮಾಡಿತು ಅಂತ ಗೊತ್ತೇ ಇದೆ. ಪಟ್ಟಿಯಲ್ಲಿ ಇಳಿತ ಇಲ್ಲದಾಗ ನೀರು ಸರಸರ ಹಿಂದೆ ಹೋಗಿ ತಳ ಕಂಡರೆ, ಮೀನು ಹೆಕ್ಕೋಕೆ ನಿಲ್ಲಬೇಡಿ. ಚೀಲ ಬಿಟ್ಟು ಎತ್ತರದ ಜಾಗಕ್ಕೆ ಓಡಿ.

ಬೆವರು ನಿಲ್ಲೋದು, ತಲೆ ಸಿಡಿಯೋದು, ಮಾತು ತಡವರಿಸೋದು. ಬಿಸಿಲಿನ ಹೊಡೆತ. ನೆರಳಿಗೆ ತಂದು, ಮೈಗೆ ನೀರು ಹಾಕಿ ಗಾಳಿ ಬೀಸಿ. ಪೂರ್ತಿ ಎಚ್ಚರ ಇದ್ದರೆ ಮಾತ್ರ ಕುಡಿಯೋಕೆ ಕೊಡಿ. ಊರಿನ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಕರೆದೊಯ್ಯಿರಿ.

ನೀರಲ್ಲಿ ಏನೋ ಚುಚ್ಚಿ, ನೋವು ಏರುತ್ತಾ ಹೋಗೋದು. ತೊರಕೆ ಅಥವಾ ಕಲ್ಲುಮೀನಿನ ಮುಳ್ಳು ಇರಬಹುದು. ಚರ್ಮ ಸುಡದಷ್ಟು ಬಿಸಿ ಇರೋ ನೀರಲ್ಲಿ ಕಾಲಿಟ್ಟರೆ ನೋವು ತಗ್ಗುತ್ತದೆ. ಗಾಯ ಕೊಯ್ಯೋದು, ಬಾಯಲ್ಲಿ ಹೀರೋದು ಬೇಡ. ಆರೋಗ್ಯ ಕೇಂದ್ರಕ್ಕೆ ಹೋಗಲೇಬೇಕು. ತುರ್ತು ನಂಬರ್ 112.

## ಹಂತ 10: ಹೊರಡೋ ಮೊದಲು ಜೇಬು ಕೊಡವಿ

ತಂದ ಕಸ ವಾಪಸ್ ಹೋಗಬೇಕು, ಮಾವಿನ ವಾಟೆ, ಬಿಸ್ಕತ್ ಕವರ್ ಸಹಿತ. ತರದೇ ಇದ್ದದ್ದು ಏನೂ ಹೋಗಬಾರದು. ಸತ್ತ ಹವಳದ ತುಂಡನ್ನೂ ಒಯ್ಯುವಂತಿಲ್ಲ. ಹವಳಕ್ಕೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆ ಇದೆ, ಹಲವು ಬಗೆಯ ಶಂಖ, ಚಿಪ್ಪುಗಳಿಗೂ ಇದೆ. ಯಾವುದು ಸರಿ, ಯಾವುದು ತಪ್ಪು ಅಂತ ವಿಂಗಡಿಸೋ ಗೊಡವೆಗೇ ಹೋಗಬೇಡಿ. ಒಂದನ್ನೂ ತಗೋಬೇಡಿ. ಪೋರ್ಟ್ ಬ್ಲೇರ್ ವಿಮಾನ ನಿಲ್ದಾಣದಲ್ಲಿ ಬ್ಯಾಗ್ ಸ್ಕ್ಯಾನ್ ಮಾಡುವಾಗ ಇದನ್ನೇ ಹುಡುಕುತ್ತಾರೆ.

ಮಕ್ಕಳ ಜೇಬು, ಶೂ, ಪೆನ್ಸಿಲ್ ಡಬ್ಬಿಯನ್ನು ಬೀಚಿನಲ್ಲೇ ಒಂದು ಸಲ ನೋಡಿಬಿಡಿ. ಹೆಚ್ಚಾಗಿ ಸಿಗೋದು ಅಲ್ಲೇ. ಕೈಗೆ ಬಂದ ಶಂಖದೊಳಗೆ ಏಡಿ ಇದೆಯಾ ಅಂತ ನೋಡಿ, ಗೆರೆಯ ಮೇಲ್ಗಡೆ ಕೇದಗೆ ಬುಡದಲ್ಲಿ ಬಿಟ್ಟು ಹೊರಡಿ.